‘ಕೈಯೊಡ್ಡೋದು ನನ್ನ ಕೈಲಿ ಆಗಲ್ಲ ಅಕ್ಕಾ’

ಆನಂದ ಸಲಹೆ ಕೇಳಲು ಮೊದಲ ದಿನ ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ದುಡ್ಡಿನ ಬೆಂಬಲ ಕೇಳಬೇಕಾದ 212 ಜನರ ಹೆಸರು. ಪಕ್ಕದಲ್ಲಿ ಹೆಂಡತಿ ರೂತ್ ಕೂತಿದ್ದಳು, ಒಂದು ಮಾತೂ ಆಡದೆ. (ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಇಬ್ಬರೂ ಒಪ್ಪಿದ್ದಾರೆ.)

ಇಬ್ಬರೂ ಉತ್ತರ ಕರ್ನಾಟಕದವರು. ಅವನಿಗೆ 33, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಅವಳು ನರ್ಸ್. ನಾಲ್ಕು ವರ್ಷದ ಮಗಳಿದ್ದಾಳೆ. ಒಡಿಶಾದ ಗುಡ್ಡಗಾಡಿನಲ್ಲಿ ಸೇವೆ ಮಾಡಲು ಒಂದು ಕ್ರೈಸ್ತ ಮಿಷನ್ ಸಂಸ್ಥೆ ಇವರನ್ನು ತೆಗೆದುಕೊಂಡಿತ್ತು. ಆದರೆ ಅಲ್ಲಿನ ಪದ್ಧತಿ ಏನೆಂದರೆ, ಪ್ರತಿ ಕುಟುಂಬವೂ ತನ್ನ ತಿಂಗಳ ಖರ್ಚಿಗೆ ಬೆಂಬಲ ಕೊಡುವವರನ್ನು ತಾನೇ ಹುಡುಕಿಕೊಳ್ಳಬೇಕು. ತಿಂಗಳಿಗೆ ಬೇಕಾದದ್ದು 32,000 ರೂಪಾಯಿ. ಹತ್ತು ತಿಂಗಳಲ್ಲಿ ಒಪ್ಪಿಗೆ ಸಿಕ್ಕಿದ್ದು 9,500. ಹೊರಡುವ ದಿನ ಎರಡು ಸಲ ಮುಂದೆ ಹೋಗಿತ್ತು.

ನಿದ್ದೆ ಇಲ್ಲ, ಮನೆಯಲ್ಲಿ ಜಗಳ. ಅವನು ಹೇಳಿದ ಒಂದು ಮಾತು ಮಾತ್ರ ನನ್ನನ್ನು ತುಂಬಾ ಕಾಡಿತು. ‘ಭಾನುವಾರ ಆರಾಧನೆಯಲ್ಲಿ ಕೂತಿರ್ತೀನಿ ಅಕ್ಕಾ. ಮುಂದೆ ಕೂತವರನ್ನು ನೋಡಿ ಇವರು ಐನೂರು ಕೊಡಬಹುದು, ಇವರು ಸಾವಿರ ಅಂತ ಲೆಕ್ಕ ಹಾಕ್ತಿರ್ತೀನಿ. ಆಮೇಲೆ ಪ್ರಾರ್ಥನೆ ಮಾಡಕ್ಕೆ ನಾಚಿಕೆ ಆಗುತ್ತೆ.’

ಅವನ ತಂದೆ ನೇಕಾರರು, ಯಾರ ಹತ್ತಿರವೂ ಕೈಗಡ ಕೇಳದ ಮನುಷ್ಯ. ಕೆಲಸ ಬಿಟ್ಟ ದಿನ ಚಿಕ್ಕಪ್ಪ ‘ಓದಿ ಬರೆದು ಭಿಕ್ಷೆಗೆ ನಿಂತೆಯಲ್ಲೋ’ ಅಂದಿದ್ದರಂತೆ. ಅದು ಒಳಗೆ ನಾಟಿಬಿಟ್ಟಿತ್ತು. ಇದರ ಮೇಲೆ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯಾರೋ ಹಿಂದಿನ ಕಾಲದ ಜಾರ್ಜ್ ಮುಲ್ಲರ್ ಎಂಬ ದೇವಸೇವಕರ ಕಥೆಯನ್ನು ಸಾಕ್ಷಿಯಾಗಿ ಹೇಳಿದ್ದರು: ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದರು, ಯಾರನ್ನೂ ದುಡ್ಡು ಕೇಳಲಿಲ್ಲ, ಪ್ರಾರ್ಥನೆ ಮಾತ್ರ ಅಂತ. ಆನಂದನಿಗೆ ಅನಿಸಿದ್ದು, ಕೇಳಿದರೆ ನಂಬಿಕೆ ಇಲ್ಲದವನು, ಕೇಳದಿದ್ದರೆ ಮನೆ ನಡೆಯಲ್ಲ.

ನಾನು ನೋಟ್‌ಬುಕ್ ತೆಗೆದು ಒಂದೇ ಪ್ರಶ್ನೆ ಕೇಳಿದೆ. ಈ 212 ಜನರಲ್ಲಿ ಎಷ್ಟು ಜನರ ಎದುರು ಕೂತು ಮಾತಾಡಿದ್ದೀಯ?

ಏಳು. ಉಳಿದವರಿಗೆಲ್ಲ ಒಂದೇ ವಾಟ್ಸಾಪ್ ಮೆಸೇಜ್. ಆ ಏಳರಲ್ಲಿ ಐದು ಜನ ಕೊಡುತ್ತಿದ್ದಾರೆ! ಇಬ್ಬರು ಮಾತ್ರ ಆಗಲ್ಲ ಅಂದಿದ್ದು. ಹತ್ತು ತಿಂಗಳು ಅವನನ್ನು ನಿದ್ದೆಗೆಡಿಸಿದ ‘ಎಲ್ಲರೂ ಇಲ್ಲ ಅಂದರು’ ಅನ್ನೋದು ಇಷ್ಟೇ. ಮೆಸೇಜಿಗೆ ಉತ್ತರ ಬರದಿದ್ದನ್ನೆಲ್ಲ ಅವನು ‘ಇಲ್ಲ’ ಅಂತ ಓದಿಕೊಂಡಿದ್ದ.

ಎರಡನೇ ಸಲ ರೂತ್ ಜೊತೆ ಬೇರೆ ಕೂತೆ. ಅವಳ ಕೈಯಲ್ಲಿ ಬಳೆ ಇರಲಿಲ್ಲ. ಮಗಳ ಎಲ್‌ಕೆಜಿ ಫೀಸಿಗೆ ಬ್ಯಾಂಕಿನಲ್ಲಿ ಅಡ ಇಟ್ಟಿದ್ದಳು, ಗಂಡನಿಗೆ ಹೇಳಿರಲಿಲ್ಲ. ಯಾಕೆ ಗೊತ್ತಾ? ಅವನು ಬರೆದ 32,000ದಲ್ಲಿ ಮಗಳ ಫೀಸೂ ಇರಲಿಲ್ಲ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಯೂ ಇರಲಿಲ್ಲ. ಸೇವೆಯ ಹೆಸರಲ್ಲಿ ಬರುವ ದುಡ್ಡಲ್ಲಿ ಅದನ್ನೆಲ್ಲ ಸೇರಿಸಬಾರದು ಅಂತ ಅವನ ಅನಿಸಿಕೆ. ‘ನಾನು ಬರಲ್ಲ ಅಂದಿಲ್ಲ ಅಕ್ಕಾ. ಸುಳ್ಳು ಲೆಕ್ಕ ಇಟ್ಕೊಂಡು ಬರಲ್ಲ ಅಷ್ಟೇ’ ಅಂದಳು. ನನ್ನ ಮಟ್ಟಿಗೆ ಪ್ರಕರಣದ ಬೇರು ಇದೇ. ದುಡ್ಡು ಕೇಳುವ ನಾಚಿಕೆ ಅವನನ್ನು ಜನರಿಂದ ದೂರ ಮಾಡಿದ್ದು ಸಾಲದೆ, ಹೆಂಡತಿಯಿಂದಲೂ ದೂರ ಮಾಡಿತ್ತು.

ಆಮೇಲೆ ಇಬ್ಬರನ್ನೂ ಜೊತೆಗೆ ಕೂರಿಸಿದೆ. ಬಳೆಯ ವಿಷಯವನ್ನು ರೂತ್ ತಾನೇ ಹೇಳಿದಳು. ಆನಂದ ತುಂಬಾ ಹೊತ್ತು ಅತ್ತ. ಆ ದಿನ ಬೇರೇನೂ ಮಾಡಲಿಲ್ಲ.

ಮುಂದಿನ ವಾರ ಕೊಟ್ಟ ಸಲಹೆ ಹೀಗಿತ್ತು. ಮೊದಲು ಲೆಕ್ಕ ಹೊಸದಾಗಿ ಬರೆಯಿರಿ, ಇಬ್ಬರೂ ಸೇರಿ, ಫೀಸು ಮಾತ್ರೆ ಎಲ್ಲ ಸೇರಿಸಿ. 36,800 ಆಯಿತು. ರೂತ್ ಅಲ್ಲಿ ಅರ್ಧ ದಿನ ನರ್ಸ್ ಕೆಲಸ ಮಾಡಲು ಸಂಸ್ಥೆ ಬಿಡುತ್ತದಾ ಕೇಳಿ ಅಂದೆ. ಅದು ನಂಬಿಕೆ ಕಡಿಮೆ ಅನ್ನೋ ಲಕ್ಷಣ ಅಲ್ಲ. ಬೈಬಲಿನ ಅಪೊಸ್ತಲ ಪೌಲನೇ ಕೊರಿಂಥದಲ್ಲಿ ಗುಡಾರ ಹೊಲಿದು ದುಡಿದ, ಫಿಲಿಪ್ಪಿ ಊರಿನ ಸಭೆಯವರು ಕಳಿಸಿದ ಸಹಾಯವನ್ನೂ ಸಂತೋಷದಿಂದ ತೆಗೆದುಕೊಂಡ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೂ ಸಭೆಯ ಜನಕ್ಕೆ ದುಡಿದು ತಿನ್ನುವ ದಾರಿ ಬೇಕಿತ್ತು ಅಂತಲೇ ಅಲ್ವಾ?

ಮುಲ್ಲರ್ ಬಗ್ಗೆಯೂ ಮಾತಾಡಿದೆವು. ಅವರು ಮನುಷ್ಯರನ್ನು ಕೇಳಲಿಲ್ಲ, ನಿಜ. ಆದರೆ ಬಂದದ್ದು ಹೋದದ್ದನ್ನು ವರದಿ ಅಚ್ಚು ಹಾಕಿಸಿ ಎಲ್ಲರ ಮುಂದೆ ಇಡುತ್ತಿದ್ದರು. ಸಾಕ್ಷಿ ಹೇಳುವವರು ಇದನ್ನು ಯಾಕೋ ಬಿಟ್ಟುಬಿಡುತ್ತಾರೆ. ಇನ್ನು ಬೈಬಲಿನಲ್ಲಿ ಲೂಕನ ಸುವಾರ್ತೆಯ 8ನೇ ಅಧ್ಯಾಯ ಓದಿ ಅಂದೆ. ಯೇಸುವಿನ ಸೇವೆ ನಡೆದದ್ದೇ ಮರಿಯಳು, ಯೋಹಾನಳು, ಸುಸನ್ನಳಂಥ ಹೆಂಗಸರು ತಮ್ಮ ಸ್ವಂತ ದುಡ್ಡು ಹಾಕಿದ್ದರಿಂದ. ಅದನ್ನು ಯಾರೂ ಭಿಕ್ಷೆ ಅನ್ನಲಿಲ್ಲ.

ವಾಟ್ಸಾಪ್ ನಿಲ್ಲಿಸಿ, ವಾರಕ್ಕೆ ಮೂರು ಮನೆಗೆ ಇಬ್ಬರೂ ಹೋಗಿ. ಚಹಾ ಕುಡಿಯಿರಿ, ಏನು ಕೆಲಸ, ಎಷ್ಟು ಬೇಕು ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಸುಮ್ನೆ ಇರಿ, ಅವರು ಯೋಚಿಸಲಿ. ಕೊಟ್ಟರೆ ಆಶೀರ್ವಾದ, ಕೊಡದಿದ್ದರೆ ನಷ್ಟ ಅನ್ನೋ ಮಾತು ಬಾಯಲ್ಲಿ ಬರಲೇಬಾರದು. ಅಲ್ಲಿನ ಮಕ್ಕಳ ಬಡತನದ ಫೋಟೋ ತೋರಿಸಿ ಕರುಳು ಹಿಂಡುವುದೂ ಬೇಡ. ನೂರು ರೂಪಾಯಿ ಕೊಡುವವರನ್ನು ಚಿಕ್ಕವರು ಅಂದುಕೊಳ್ಳಬೇಡಿ. ಮಿಜೋರಾಂನ ಮನೆಗಳಲ್ಲಿ ಅಡುಗೆಗೆ ಅಕ್ಕಿ ಹಾಕುವಾಗ ಪ್ರತಿ ಸಲ ಒಂದು ಹಿಡಿ ಸಭೆಗೆ ಅಂತ ತೆಗೆದಿಡುತ್ತಾರೆ, ಆ ಹಿಡಿ ಅಕ್ಕಿ ಮಾರಿದ ದುಡ್ಡಿನಲ್ಲೇ ಎಷ್ಟೋ ಸೇವೆ ನಡೆದಿದೆ.

ಇನ್ನೊಂದು ವಿಷಯಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಅಮೆರಿಕದಲ್ಲಿರುವ ಗೆಳೆಯನೊಬ್ಬ ತಿಂಗಳಿಗೆ 15,000 ರೂಪಾಯಿ ರೂತ್ ಖಾತೆಗೆ ಹಾಕ್ತೀನಿ ಅಂದಿದ್ದ. ಅವನ ಪಾಸ್‌ಪೋರ್ಟ್ ಯಾವುದು ಅಂತ ಕೇಳಿದೆ. ಅಮೆರಿಕದ್ದೇ. ಹಾಗಾದರೆ ಬೇಡ. ಸೇವೆಗಾಗಿ ಅಂತ ಅವನು ಕಳಿಸುವುದು ವಿದೇಶಿ ದೇಣಿಗೆ. ಅದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೆ, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೇ ಬರಬೇಕು, 2020ರ ತಿದ್ದುಪಡಿ ಆದಮೇಲೆ. ಊರಿನ ದುಡ್ಡೂ ಅಷ್ಟೇ, ಸಂಸ್ಥೆಯ ಖಾತೆಗೆ ಹೋಗಲಿ, ರಸೀದಿ ಬರಲಿ. ತೆರಿಗೆ ವಿನಾಯಿತಿ ಸಿಗುತ್ತೆ ಅಂತ ಮಾತು ಕೊಡಬೇಡಿ, ಧಾರ್ಮಿಕ ಕೆಲಸಕ್ಕೆ ಕೊಡುವ ಹಣಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗಲ್ಲ. ಮೂರು ತಿಂಗಳಿಗೊಮ್ಮೆ ಕೊಟ್ಟವರಿಗೆಲ್ಲ ಒಂದು ಪುಟದ ಪತ್ರ ಬರೆಯಿರಿ: ಏನಾಯಿತು, ಎಷ್ಟು ಬಂತು, ಎಲ್ಲಿ ಹೋಯಿತು.

ಮೊದಲು ಹೋದದ್ದು ಚಿಕ್ಕಪ್ಪನ ಮನೆಗೆ. ಅದು ಆನಂದನದೇ ತೀರ್ಮಾನ. ಅವರು ದುಡ್ಡು ಕೊಡಲಿಲ್ಲ, ಆದರೆ ಲೆಕ್ಕದ ಹಾಳೆಯನ್ನು ಎರಡು ಸಲ ಓದಿ, ಮಳೆಗಾಲದ ಖರ್ಚು ಬರೆದಿಲ್ಲವಲ್ಲ ಅಂದರಂತೆ.

ಈಗ ಐದು ತಿಂಗಳಾಯಿತು. ಮೊನ್ನೆ ರೂತ್ ಫೋನ್ ಮಾಡಿದ್ದಳು, 27,300 ಆಗಿದೆ. ಆನಂದ ನಿದ್ದೆ ಮಾಡ್ತಾನೆ. ಬಳೆ ಇನ್ನೂ ಬ್ಯಾಂಕಿನಲ್ಲಿದೆ. ಅದನ್ನು ಬಿಡಿಸಿಕೊಂಡ ಮೇಲೆಯೇ ಟಿಕೆಟ್ ಮಾಡಿಸೋದು ಅಂತ ಇಬ್ಬರೂ ಮಾತಾಡಿಕೊಂಡಿದ್ದಾರೆ.