ಹಳೆ ಸೋಲಾರಿಸ್ ಪ್ರೋಗ್ರಾಂ ಬೇರೆ ಕಂಪನಿಯ ಯುನಿಕ್ಸ್‌ನಲ್ಲಿ ಓಡುತ್ತದೆಯೇ?

ಸನ್ ಕಂಪನಿಯ ಹಳೆ ಮಷೀನಿನ (ಅದರ ಯುನಿಕ್ಸೇ ಸೋಲಾರಿಸ್) ಪ್ರೋಗ್ರಾಂ ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ ಓಡುತ್ತಾ, ಅದು ಯಾರು ಮಾಡಿದ್ದು ಅಂತ ಹೇಗೆ ತಿಳಿಯುವುದು ಎಂದು ಕೇಳಿದ್ದೀರಿ. ನಾನು ತುಮಕೂರಿನ ವಸಂತನರಸಾಪುರದಲ್ಲಿ ಒಂದು ಕಾರ್ಖಾನೆಯ ಸರ್ವರ್ ನೋಡಿಕೊಳ್ಳುತ್ತೇನೆ. ಇಂಥ ಫೈಲುಗಳ ಜೊತೆ ಬಹಳ ಗುದ್ದಾಡಿದ್ದೇನೆ.

ಹಾಗೇ ತಂದು ಹಾಕಿದರೆ ಓಡುವುದಿಲ್ಲ. ಎರಡೂ ಯುನಿಕ್ಸೇ, ನಿಜ. ಆದರೆ ಸನ್‌ನದು ಸ್ಪಾರ್ಕ್ ಪ್ರೊಸೆಸರ್, ಐಬಿಎಂನದು ಪವರ್. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ ಪಠ್ಯ) ಇದ್ದರೆ ಎಐಎಕ್ಸ್‌ನಲ್ಲೇ ಮತ್ತೆ ಕಂಪೈಲ್ ಮಾಡಿ, ಅಂದರೆ ಆ ಪ್ರೊಸೆಸರಿನ ಭಾಷೆಗೆ ತಿರುಗಿಸಿ. ಶೆಲ್ ಸ್ಕ್ರಿಪ್ಟೋ ಜಾವಾನೋ ಆದರೆ ಕಷ್ಟ ಕಡಿಮೆ.

ತೆಂಗಿನಕಾಯಿಯನ್ನು ಅಲ್ಲಾಡಿಸಿ ನೋಡದೆ ನಮ್ಮ ಕಡೆ ಯಾರೂ ಕೊಳ್ಳುವುದಿಲ್ಲ, ಅಲ್ವಾ? ಇಲ್ಲಿ ಆ ಕೆಲಸ 'ಫೈಲ್' ಕಮಾಂಡಿನದು, ಫೈಲು ಯಾವ ಬಗೆಯದು ಎಂದು ಹೇಳುತ್ತದೆ. ಲಿನಕ್ಸ್‌ನಲ್ಲಿ ಕೊಟ್ಟು ನೋಡಿ. 'ಇಎಲ್‌ಎಫ್ 32-ಬಿಟ್ ಎಂಎಸ್‌ಬಿ, ಸ್ಪಾರ್ಕ್' ಎಂಬಂಥ ಸಾಲು ಬರುತ್ತದೆ. ಇಎಲ್‌ಎಫ್ ಅಂದರೆ ಪ್ರೋಗ್ರಾಂ ಫೈಲಿನ ಒಂದು ರಚನೆ. ಎಂಎಸ್‌ಬಿ ಅಂದರೆ ಸಂಖ್ಯೆಯ ದೊಡ್ಡ ಬೈಟ್ ಮೊದಲು. ಎಐಎಕ್ಸ್‌ನಲ್ಲೂ ಹಾಗೆಯೇ. ಇಂಟೆಲ್‌ನಲ್ಲಿ ಉಲ್ಟಾ. ಸ್ಪಾರ್ಕ್ ಬರೆದಿಟ್ಟ 32 ಬಿಟ್‌ನ 1 ಅನ್ನು ಇಂಟೆಲ್ ಹಾಗೇ ಓದಿದರೆ 1,67,77,216 ಆಗುತ್ತದೆ! ಅದಕ್ಕೇ ಪ್ರೋಗ್ರಾಂ ಜೊತೆ ಡೇಟಾ ಫೈಲನ್ನೂ ಪರೀಕ್ಷಿಸಿ.

ಫೈಲ್ ಪೂರ್ತಿ ಬಂತಾ ಅಂತ ನೋಡಲು 'ಸಮ್' (ಫೈಲಿನ ಬೈಟುಗಳಿಂದ ಒಂದು ಸಂಖ್ಯೆ ಲೆಕ್ಕ ಹಾಕುವ ಕಮಾಂಡ್) ಬಳಸಬೇಡಿ. ಒಂದು ರಾತ್ರಿ ಸೋಲಾರಿಸ್‌ನಿಂದ ಲಿನಕ್ಸ್‌ಗೆ ಫೈಲ್ ಕಳಿಸಿ ಎರಡೂ ಕಡೆ ಸಮ್ ಕೊಟ್ಟೆ. ಸಂಖ್ಯೆ ಬೇರೆ ಬೇರೆ ಬಂತು. ಕೆಟ್ಟಿದೆ ಎಂದುಕೊಂಡು ಸುಮ್ನೆ ಮೂರು ಸಲ ಕಳಿಸಿದೆ. ಫೈಲ್ ಚೆನ್ನಾಗಿಯೇ ಇತ್ತು. ಸೋಲಾರಿಸ್‌ನ ಸಮ್ ಸಿಸ್ಟಂ ಫೈವ್ ಪದ್ಧತಿಯಲ್ಲಿ ಲೆಕ್ಕ ಹಾಕುತ್ತದೆ, ಲಿನಕ್ಸ್‌ನದು ಬಿಎಸ್‌ಡಿ ಪದ್ಧತಿ. ಇವೆರಡೂ ಯುನಿಕ್ಸ್‌ನ ಹಳೆ ಕವಲುಗಳು. 'ಸಿಕೆಸಮ್' ಪೋಸಿಕ್ಸ್ (ಯುನಿಕ್ಸ್‌ಗಳಿಗೆಲ್ಲ ಸಾಮಾನ್ಯವಾದ ಮಾನದಂಡ) ನಿಯಮದ್ದು, ಎಲ್ಲ ಕಡೆ ಒಂದೇ ಉತ್ತರ ಕೊಡುತ್ತದೆ. ಬೇಕಂತಲೇ ಯಾರಾದರೂ ತಿದ್ದಿರಬಹುದು ಎಂಬ ಅನುಮಾನವಿದ್ದರೆ ಅದೂ ಸಾಲದು. ಸುಲಭಕ್ಕೆ ಮೋಸ ಮಾಡಲಾಗದ ಎಸ್‌ಎಚ್‌ಎ-256 ಲೆಕ್ಕ ಹಾಕಿ, ತಯಾರಕರೇ ಕೊಟ್ಟ ಸಂಖ್ಯೆಗೆ ಹೋಲಿಸಿ.

ಇನ್ನು ಮೂಲದ ಮಾತು. ಇದು ನನಗೆ ತುಂಬಾ ಇಷ್ಟದ ಕೆಲಸ. ಹಳೆ ಪ್ರೋಗ್ರಾಂಗಳ ಹೊಟ್ಟೆಯಲ್ಲಿ @(#) ಎಂಬ ಗುರುತು ಇರುತ್ತದೆ. ಅದರ ಮುಂದೆಯೇ ಸೋರ್ಸ್ ಫೈಲಿನ ಹೆಸರು, ಆವೃತ್ತಿ, ತಾರೀಖು. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಶುರು ಮಾಡಿದ ಎಸ್‌ಸಿಸಿಎಸ್‌ (ಸೋರ್ಸ್ ಕೋಡಿನ ಆವೃತ್ತಿಗಳ ಲೆಕ್ಕ ಇಡುವ ಸಾಧನ) ಎಂಬುದರಿಂದ ಬಂದ ರೂಢಿ ಇದು. 'ವಾಟ್' ಕಮಾಂಡ್ ಅದನ್ನೆಲ್ಲ ಹೊರಗೆ ತೆಗೆಯುತ್ತದೆ. ಲಿನಕ್ಸ್‌ನಲ್ಲಿ ವಾಟ್ ಇಲ್ಲದಿದ್ದರೆ ಫೈಲಿನೊಳಗಿನ ಅಕ್ಷರಸಾಲುಗಳನ್ನು ತೋರಿಸುವ 'ಸ್ಟ್ರಿಂಗ್ಸ್' ಕೊಟ್ಟು ಆ ಗುರುತನ್ನು 'ಗ್ರೆಪ್'ನಿಂದ ಹುಡುಕಿ. ಇದು ಸುಳಿವು ಅಷ್ಟೇ, ಸಾಕ್ಷಿಯಲ್ಲ. ಆ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಪ್ಯಾಕೇಜ್ ಆಗಿ ಇನ್‌ಸ್ಟಾಲ್ ಆಗಿದ್ದರೆ ಆ ಹಳೆ ಸೋಲಾರಿಸ್‌ನಲ್ಲೇ 'ಪಿಕೆಜಿಸಿಎಚ್‌ಕೆ'ಗೆ ಫೈಲಿನ ದಾರಿ ಕೊಡಿ, ಯಾವ ಪ್ಯಾಕೇಜಿನದ್ದು ಎಂದು ಹೇಳುತ್ತದೆ.

ಇನ್ನೊಂದು ಮಾತು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಫೈಲಿಗೆ 'ಎಲ್‌ಡಿಡಿ' (ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ಜೊತೆ ಕೋಡ್ ಫೈಲುಗಳನ್ನು, ತೋರಿಸುವ ಕಮಾಂಡ್) ಕೊಡಲು ಹೋಗಬೇಡಿ. ಕೆಲವು ಸಲ ಅದು ಪ್ರೋಗ್ರಾಂ ಅನ್ನೇ ಓಡಿಸಿಬಿಡುತ್ತದೆ. ಲೈಬ್ರರಿಗಳ ಪಟ್ಟಿಗೆ 'ಆಬ್ಜ್‌ಡಂಪ್' ಸಾಕು. ಫೈಲ್ ಮತ್ತು ವಾಟ್ ಕೊಟ್ಟ ಸಾಲುಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.