ಮಗ್ಗುಲು ಬದಲಿಸಿದರೆ ಮನೆಯೇ ಗಿರ್ರನೆ

ಮದ್ದೂರಿನ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮ ತಾಯಿಗೆ 68 ವರ್ಷ. ಬಲ ಮಗ್ಗುಲಿಗೆ ಹೊರಳಿದರೆ ಅರೆ ನಿಮಿಷ ಮನೆಯೇ ಗಿರ್ರನೆ ತಿರುಗಿದಂತಾಗುತ್ತದೆ. ಪಿತ್ತವೆಂದು ನಿಂಬೆ ಶರಬತ್ತು ಕೊಟ್ಟೆವು. ಎಂಟು ತಿಂಗಳಿಂದ ಮಾತ್ರೆ ನಡೆದಿದೆ. ಈಗ ಫಿಸಿಯೋಥೆರಪಿ ಮಾಡಿಸಿ ಅಂತಾರೆ. ತಲೆಸುತ್ತಿಗೆ ವ್ಯಾಯಾಮವೇ? ಬಿದ್ದುಬಿಟ್ಟರೆ?'

ವಾಂತಿ ಜೋರಾಗಿರುವ ಮೊದಲ ಎರಡು ಮೂರು ದಿನ ಮಾತ್ರೆ ಬೇಕು, ಒಪ್ಪೋಣ. ಆದರೆ ಎಂಟು ತಿಂಗಳೇ? ನೀವು ಹೇಳುವ ಲಕ್ಷಣ ಹೆಚ್ಚಾಗಿ ಒಳಗಿವಿಯದು. ಅಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಅರೆವೃತ್ತದ ನಾಳಕ್ಕೆ ಜಾರಿದರೆ, ತಲೆ ಹೊರಳಿದಾಗಲೆಲ್ಲ ಅಲ್ಲಿನ ದ್ರವವನ್ನು ಎಳೆದಾಡುತ್ತವೆ. ತಲೆ ನಿಂತ ಮೇಲೂ ಮೆದುಳಿಗೆ 'ತಿರುಗುತ್ತಿದ್ದೇನೆ' ಎಂಬ ಸುದ್ದಿಯೇ ಹೋಗುತ್ತದೆ. ಆ ಹರಳನ್ನು ಯಾವ ಮಾತ್ರೆಯೂ ಹಿಂದಕ್ಕೆ ಕಳಿಸದು. ಮೇಲಾಗಿ, ತಿಂಗಳುಗಟ್ಟಲೆ ನುಂಗಿದ ಮಂಪರು ತರುವ ಮಾತ್ರೆ ಮೆದುಳು ತಾನೇ ಹೊಂದಿಕೊಳ್ಳುವುದನ್ನೂ ತಡೆಯುತ್ತದೆ.

ಹರಳನ್ನು ಕಳಿಸುವುದು ಭೂಮಿಯ ಸೆಳೆತ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದ ಗುಟ್ಟು ಇಷ್ಟೇ. ಬಲಗಿವಿಯ ತೊಂದರೆಯಾದರೆ, ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮುಖವನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಹಾಗೆಯೇ ಹಿಂದಕ್ಕೆ ಮಲಗಿಸುತ್ತಾರೆ. ದಿಂಬು ಭುಜದಡಿ ಇರಬೇಕು, ತಲೆ ತುಸು ಕೆಳಕ್ಕೆ ಜೋತಿರಬೇಕು. ಸುತ್ತು ನಿಲ್ಲುವ ತನಕ, ಕಡಿಮೆಯೆಂದರೂ 30 ಸೆಕೆಂಡು, ಅಲುಗಬಾರದು. ಆಮೇಲೆ ಮುಖ ಎಡಕ್ಕೆ 90 ಡಿಗ್ರಿ, ಮತ್ತೆ ಅಷ್ಟೇ ಹೊತ್ತು. ಬಳಿಕ ಇಡೀ ಮೈ ಎಡ ಮಗ್ಗುಲಿಗೆ, ಮೂಗು ನೆಲದ ಕಡೆಗೆ. ಕೊನೆಗೆ ಗದ್ದವನ್ನು ಎದೆಯತ್ತ ಇಟ್ಟುಕೊಂಡೇ ಮೆಲ್ಲಗೆ ಎಬ್ಬಿಸುತ್ತಾರೆ. ಕೆಡುವುದು ಅವಸರದಿಂದ, ಇಲ್ಲವೇ ಕಿವಿ ತಪ್ಪುವುದರಿಂದ. ಹಾಗಾಗಿ ಮೊದಲ ಸಲ ತಿಳಿದವರ ಕೈಯಲ್ಲೇ ಆಗಲಿ. ಮಲಗಿಸಿದಾಗ ಕಣ್ಣುಗುಡ್ಡೆ ಹೇಗೆ ಅದುರುತ್ತದೆಂದು ನೋಡಿ ಅವರು ಯಾವ ಕಿವಿ, ಯಾವ ನಾಳ ಎಂದು ಹೇಳುತ್ತಾರೆ. ಕತ್ತಿನ ಸವೆತವಿದ್ದರೆ ಮುಂಚೆಯೇ ತಿಳಿಸಿ.

ಸುತ್ತು ಹೋದ ಮೇಲೂ ತೂರಾಟ ಉಳಿದರೆ, ತೋಳು ಚಾಚಿ ಹೆಬ್ಬೆರಳ ಮೇಲೆ ಕಣ್ಣು ನೆಟ್ಟು, ತಲೆಯನ್ನಷ್ಟೇ ಎಡಬಲಕ್ಕೆ ಆಡಿಸುವುದು: ಒಂದು ನಿಮಿಷ, ದಿನಕ್ಕೆ ಮೂರು ಸಲ. ಸ್ವಲ್ಪ ಸುತ್ತು ಬಂದರೆ ಹೆದರಬೇಡಿ, ಮೆದುಳು ಕಲಿಯುವುದು ಅದರಿಂದಲೇ.

ಒಂದು ಮಾತಿಗೆ ಬೇಸರಿಸಬೇಡಿ. 'ಅಮ್ಮಾ, ಅಲ್ಲಾಡ್ಬೇಡ, ಕೂತ್ಕೊ' ಎನ್ನುವ ನಿಮ್ಮ ಅಕ್ಕರೆಯೇ ಅವರ ಕಾಲಿನ ಬಲ ಕುಂದಿಸುತ್ತಿದೆ. ಒಳಗಿವಿ ಮೈಯ ಸಮತೋಲ ಕಾಯುವ ಬಗೆಯನ್ನು ಶೋಧಿಸಿದ್ದಕ್ಕೆ ಆಸ್ಟ್ರಿಯಾದ ವೈದ್ಯ ರಾಬರ್ಟ್ ಬರಾನಿಗೆ 1914ರ ನೊಬೆಲ್ ಸಂದಿತು. ನಮಗಿನ್ನೂ ತಲೆಸುತ್ತೆಂದರೆ ಪಿತ್ತ, ಫಿಸಿಯೋಥೆರಪಿ ಎಂದರೆ ಮಂಡಿಗೆ ಕರೆಂಟು ಕೊಡುವುದು. ಮೈಸೂರಿನ ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದ್ದೂ ಹೀಗೆ. ಲಕ್ಷಗಟ್ಟಲೆ ಸುರಿದು ನುಣ್ಣನೆ ಗ್ರಾನೈಟ್ ಹಾಸುತ್ತೇವೆ, ಬಚ್ಚಲಲ್ಲಿ ಹಿಡಿಯಲು ಒಂದು ಕಂಬಿ ಇರುವುದಿಲ್ಲ. ಈ ವಾರವೇ ಹಾಕಿಸಿ. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಕೈ ಸೋತರೆ, ಎರಡೆರಡು ಕಂಡರೆ ಮಾತ್ರ ವ್ಯಾಯಾಮದ ಮಾತಿಲ್ಲ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.