ಓದುಗರ ಪ್ರಶ್ನೆ: ಇನ್ಫರ್ಮೇಷನ್ ಸೈನ್ಸ್ ಪದವೀಧರರಿಗೆ ಏನೇನು ಬರಬೇಕು?

ಪ್ರಶ್ನೆ: ನನ್ನ ಮಗಳು ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಇನ್ಫರ್ಮೇಷನ್ ಸೈನ್ಸ್ ಬಿ.ಇ. ಮೂರನೇ ವರ್ಷದಲ್ಲಿದ್ದಾಳೆ. ಪೈಥಾನ್ ಆಯಿತು, ಜಾವಾ ಆಯಿತು, ಈಗ ಕ್ಲೌಡ್ ಎಂದು ಒಂದರ ಹಿಂದೊಂದು ಆನ್‌ಲೈನ್ ಕೋರ್ಸಿಗೆ ಹಣ ಕಟ್ಟುತ್ತಲೇ ಇದ್ದಾಳೆ. ಪದವಿ ಮುಗಿಯುವ ಹೊತ್ತಿಗೆ ಅವಳಿಗೆ ನಿಜವಾಗಿ ಏನು ಬರಬೇಕು?
– ಓದುಗರೊಬ್ಬರು, ತಿಪಟೂರು

ಉತ್ತರ: ಎಷ್ಟು ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ ಎಂದು ಎಣಿಸಿ ಪದವೀಧರರ ಯೋಗ್ಯತೆಯನ್ನು ಅಳೆಯುವುದು ತರಬೇತಿ ಕೇಂದ್ರಗಳಿಗೆ ಅನುಕೂಲವೇ ಹೊರತು, ಪದವಿಯ ಉದ್ದೇಶ ಅದಲ್ಲ. ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಗೆ ಸಂಬಂಧಿಸಿದ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಕಾಯಂ ಸದಸ್ಯವಾಯಿತು. ಅದಕ್ಕೆ ಹೊಂದುವಂತೆ, ತಾಂತ್ರಿಕ ಕೋರ್ಸುಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಾನ್ಯತಾ ಮಂಡಳಿ (ಎನ್‌ಬಿಎ) ಬಹುಕಾಲ ಬಳಸಿದ ಪಟ್ಟಿಯಲ್ಲಿ ಪದವೀಧರರಿಂದ ನಿರೀಕ್ಷಿಸುವ 12 ಅಂಶಗಳಿದ್ದವು. ವಿಷಯಜ್ಞಾನ, ಸಮಸ್ಯೆಯ ವಿಶ್ಲೇಷಣೆ, ಪರಿಹಾರದ ವಿನ್ಯಾಸ, ಶೋಧನೆ, ಆಧುನಿಕ ಸಾಧನಗಳ ಬಳಕೆ ಎಂಬ ಐದು ತಾಂತ್ರಿಕವಾದವು. ಉಳಿದ ಏಳು ಸಮಾಜದ ಹೊಣೆ, ಪರಿಸರ, ವೃತ್ತಿನೀತಿ, ತಂಡದ ಕೆಲಸ, ಸಂವಹನ, ಯೋಜನಾ ನಿರ್ವಹಣೆ ಮತ್ತು ನಿರಂತರ ಕಲಿಕೆಗೆ ಸೇರಿದವು. ನಿಮ್ಮ ಮಗಳು ಹಣ ಕಟ್ಟಿರುವ ಕೋರ್ಸುಗಳು ಬಹುಪಾಲು ಸಾಧನಗಳ ಬಳಕೆ ಎಂಬ ಒಂದೇ ಅಂಶದೊಳಗೆ ಅಡಗುತ್ತವೆ. (ಈ ಪಟ್ಟಿ ಮಾನ್ಯತಾ ತಂಡ ಬರುವ ವಾರ ಮಾತ್ರ ಕೆಲವು ವಿಭಾಗಗಳ ಗೋಡೆಯ ಮೇಲೆ ಹೊಳೆಯುತ್ತದೆ ಎಂಬುದು ಬೇರೆ ಮಾತು.)

ನನ್ನ ದೃಷ್ಟಿಯಲ್ಲಿ ಇವುಗಳಲ್ಲಿ ಮುಖ್ಯವಾದದ್ದು ವಿಶ್ಲೇಷಣೆ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನೇ ನೋಡಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಆ ಕೆಲಸದಲ್ಲಿ, ಖಾತೆ ಬದಲಾವಣೆಯ ಅರ್ಜಿಗಳ ಪೈಕಿ ಮೊದಲು ಬಂದದ್ದನ್ನೇ ಮೊದಲು ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಪಾಡು ಹಾಕಿತು. ಬೇಕಾದವರ ಕಡತವನ್ನು ಮೇಲಕ್ಕೆ ಎತ್ತಿಡುವ ಅವಕಾಶ ಕಿರಿದಾಯಿತು. ಇದು ಡೇಟಾ ಸ್ಟ್ರಕ್ಚರ್ಸ್ ತರಗತಿಯಲ್ಲಿ ಎಲ್ಲರೂ ಕಲಿಯುವ ‘ಕ್ಯೂ’ ಅಷ್ಟೆ, ಅದರ ಕೋಡ್ ಬರೆಯಲು ಒಂದು ಲ್ಯಾಬ್ ಅವಧಿ ಸಾಕು. ಆದರೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಎಲ್ಲಿ ನಿಂತುಹೋಗುತ್ತದೆ, ಆಕ್ಷೇಪಣೆ ಬಂದ ಅರ್ಜಿಯ ಹಿಂದಿನವರು ಕಾಯಬೇಕೇ, ಸರದಿಯನ್ನು ಮೀರುವ ಅಧಿಕಾರ ಯಾರಿಗಾದರೂ ಇರಬೇಕೇ ಎಂಬುದನ್ನು ಸಂಬಂಧಪಟ್ಟವರಿಂದ ಕೇಳಿ ತಿಳಿದು, ಎರಡರ್ಥಕ್ಕೆ ಎಡೆಯಿಲ್ಲದಂತೆ ಬರೆದಿಡುವುದನ್ನು ಯಾವ ಭಾಷೆಯ ಕೋರ್ಸೂ ಕಲಿಸುವುದಿಲ್ಲ.

ಆದ್ದರಿಂದ ಹೊಸ ಕೋರ್ಸಿನ ಬದಲು ಅಂತಿಮ ವರ್ಷದ ಪ್ರಾಜೆಕ್ಟಿನ ಕಡೆಗೆ ಅವಳ ಗಮನ ತಿರುಗಿಸಿ. ಸಿದ್ಧ ಪ್ರಾಜೆಕ್ಟನ್ನು ಹಣ ಕೊಟ್ಟು ತರುವ ಚಾಳಿಗೆ ಬೀಳದೆ, ನಿಮ್ಮೂರಿನ ಹಾಲಿನ ಡೇರಿಯದೋ ಗ್ರಂಥಾಲಯದ್ದೋ ನಿಜವಾದ ಒಂದು ತೊಡಕನ್ನು ಆಯ್ದುಕೊಳ್ಳಲಿ. ಡೇಟಾಬೇಸನ್ನು ತಾನೇ ವಿನ್ಯಾಸಗೊಳಿಸಲಿ. ಗೆಳತಿಯರು ಬರೆದ ಕೋಡನ್ನು ಓದಿ ದೋಷ ಹುಡುಕಲಿ. ತಪ್ಪು ಮಾಹಿತಿ ತುಂಬಿದರೆ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸಲಿ. ಎಸಿಎಂ, ಐಇಇಇ ಕಂಪ್ಯೂಟರ್ ಸೊಸೈಟಿ ಮೊದಲಾದ, ಕಂಪ್ಯೂಟರ್ ವೃತ್ತಿಪರರ ಅಂತರರಾಷ್ಟ್ರೀಯ ಸಂಸ್ಥೆಗಳ 2020ರ ಪಠ್ಯಕ್ರಮ ವರದಿಯು ಸಾಮರ್ಥ್ಯವನ್ನು ಜ್ಞಾನ, ಕೌಶಲ, ಮನೋಧರ್ಮ ಈ ಮೂರೂ ಕೂಡಿದ್ದೆಂದು ವಿವರಿಸುತ್ತದೆ. ಅಂಕಪಟ್ಟಿಯಲ್ಲಿ ಮೊದಲನೆಯದು ಕಾಣಬಹುದು. ಮೂರನೆಯದು ಇಂಥ ಕೆಲಸದಲ್ಲಿ ಮಾತ್ರ ಕಾಣುತ್ತದೆ.

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ಸಂದರ್ಶನದಲ್ಲಿ ‘ಕಮ್ಯುನಿಕೇಷನ್’ ಕೇಳುತ್ತಾರೆಂದರೆ ಎದೆ ಝಲ್ಲೆನ್ನುತ್ತದೆ. ಏನು ಮಾಡಲಿ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಉಚ್ಚಾರಣೆಯ ಚಿಂತೆ ಬಿಡಿ, ಇಂಗ್ಲಿಷ್ ಬರವಣಿಗೆಯನ್ನು ಮಾತ್ರ ಬಿಡಬೇಡಿ. ವೃತ್ತಿಯಲ್ಲಿ ಸಂವಹನದ ಬಹುಭಾಗ ಬರವಣಿಗೆಯೇ: ದೋಷ ಯಾವಾಗ ಕಾಣಿಸಿತು, ಏನು ಮಾಡಿದಾಗ ಮರುಕಳಿಸಿತು, ಏನು ಬದಲಿಸಿದಿರಿ ಎಂಬ ವಿವರಣೆ. ಮೊದಲು ಅದನ್ನು ಕನ್ನಡದಲ್ಲಿ ಸಹಪಾಠಿಗೆ ವಿವರಿಸಿ ನೋಡಿ. ಅಲ್ಲಿ ತಡವರಿಸಿದರೆ ಕೊರತೆ ಇರುವುದು ವಿಷಯದಲ್ಲಿ. ಅಲ್ಲಿ ಸಲೀಸಾದರೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು, ಉಪನ್ಯಾಸಕರಿಂದ ತಿದ್ದಿಸಿಕೊಳ್ಳಿ.